ಅಂಚಿನ ವ್ಯಕ್ತಿತ್ವದ ಉಪಚಾರ ಮತ್ತು ಠಾಣೆ ಪರಿಸರದ ಕನ್ನಡಿಗರು: ಒಂದು ಚಾರಿತ್ರಿಕ ವಿವೇಚನೆ

ಮುಂಬಯಿಯಿಂದ ನಾಸಿಕದ ಕಡೆಗೆ ಸಾಗುವ ಹೆದ್ದಾರಿಯೂ ಘೋಡಬಂದರ ರಸ್ತೆಯೂ ಕೂಡುವ ಮಾಜಿವಾಡಾ ಒಂದು ಕಾಲಕ್ಕೆ ಹಳ್ಳಿ; ಅನಂತರ ಕಾರ್ಖಾನೆಗಳ ನೆರೆ; ಈಗ ಬಹುಮಹಡಿ ವಸತಿಗಳ ನಾಕೆ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಹೋಟೆಲು, ಗಿರಣಿ, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ಮುಂಬಯಿಗೆ ಬಂದ ಕನ್ನಡ ಮತ್ತು ತುಳು ಕುಟುಂಬಗಳಲ್ಲಿ ಅನೇಕವು ಕಾಲಕ್ರಮದಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಗೆ ಸರಿದು ನೆಲೆಸಿದವು. ಇವರ ಸಂಘಸಂಸ್ಥೆ, ಯಕ್ಷಗಾನ, ರಾತ್ರಿಶಾಲೆ, ಪತ್ರಿಕೆಗಳನ್ನು ಕುರಿತು ಹೊರನಾಡಿನ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಇವರ ಕಾಯಿಲೆಗಳನ್ನು ಕುರಿತು ಬರೆದದ್ದು ಕಡಮೆ. ಮನಸ್ಸಿನ ಕಾಯಿಲೆಗಳನ್ನು ಕುರಿತಂತೂ ಇನ್ನೂ ಕಡಮೆ. ಮಾಜಿವಾಡಾದಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, 1901ರಲ್ಲಿ ಸ್ಥಾಪಿತವಾದ, ಬಹುಕಾಲ ನರೋತ್ತಮದಾಸ ಮಾಧವದಾಸರ ಹೆಸರನ್ನು ಹೊತ್ತಿದ್ದ ಠಾಣೆಯ ಪ್ರಾದೇಶಿಕ ಮನೋರುಗ್ಣಾಲಯವಿದೆ. ಇದೇ ನಗರದಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಆರಂಭಿಸಿದ ಮಾನಸಿಕ ಆರೋಗ್ಯ ಸಂಸ್ಥೆಯೂ ಇದೆ. ಮೊದಲನೆಯದು ಗೋಡೆಯ ಚರಿತ್ರೆಗೆ ಸೇರಿದ್ದು, ಎರಡನೆಯದು ಮಾತಿನ ಚರಿತ್ರೆಗೆ. ಇವೆರಡರ ನಡುವಿನ ತೊಂಬತ್ತು ವರ್ಷಗಳಲ್ಲಿ ಒಂದು ನಿರ್ದಿಷ್ಟ ಅಸ್ವಾಸ್ಥ್ಯದ ಉಪಚಾರ ಹೇಗೆ ರೂಪುಗೊಂಡಿತು, ಅದರಲ್ಲಿ ಕನ್ನಡದ ಪಾತ್ರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ವೈದ್ಯರು ಕರೆಯುವ ಸ್ಥಿತಿಯನ್ನು ನಾವು ಇಲ್ಲಿ ಉದ್ದೇಶಿಸಿದ್ದೇವೆ. ಆಪ್ತರು ತನ್ನನ್ನು ತೊರೆದುಬಿಡುವರೆಂಬ ತೀವ್ರ ಭಯ, ಇಂದು ಆರಾಧ್ಯರಾದವರು ನಾಳೆ ಶತ್ರುಗಳಾಗಿ ತೋರುವಂಥ ಸಂಬಂಧಗಳು, ತಾನಾರೆಂಬುದರ ಬಗೆಗೇ ಅನಿಶ್ಚಯ, ದುಡುಕು, ಗಂಟೆಗಂಟೆಗೆ ಬದಲಾಗುವ ಭಾವ, ತಡೆಯಲಾಗದ ಕೋಪ, ಒಳಗೆಲ್ಲ ಬರಿದೆಂಬ ಅನುಭವ, ತನ್ನ ದೇಹಕ್ಕೆ ತಾನೇ ಘಾಸಿ ಮಾಡಿಕೊಳ್ಳುವುದು, ಮತ್ತೆ ಮತ್ತೆ ಸಾವಿನತ್ತ ತಿರುಗುವುದು, ಒತ್ತಡದ ವೇಳೆ ತಾತ್ಕಾಲಿಕವಾದ ಸಂಶಯಭ್ರಾಂತಿ. ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ಇಂತಹ ಒಂಬತ್ತು ಲಕ್ಷಣಗಳನ್ನು ಕೊಟ್ಟು, ಅವುಗಳಲ್ಲಿ ಐದಾದರೂ ಬಹುಕಾಲ ನೆಲೆಸಿರಬೇಕೆಂದು ವಿಧಿಸುತ್ತದೆ. ಹುಟ್ಟಿನಿಂದ ಬಂದ ಭಾವತೀವ್ರತೆ ಮತ್ತು ಬಾಲ್ಯದ ಅನುಭವಗಳು ಕೂಡಿ ಇದಕ್ಕೆ ಕಾರಣವಾಗುತ್ತವೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಬಾಲ್ಯದಲ್ಲಿ ಹಿಂಸೆ, ಅವಗಣನೆಗಳಿಗೆ ಗುರಿಯಾದವರು ಈ ರೋಗಿಗಳಲ್ಲಿ ಬಹಳ. ಆದರೆ ಎಲ್ಲರ ವಿಷಯದಲ್ಲಿಯೂ ಅದು ನಿಜವಲ್ಲ. ಆದುದರಿಂದ ತಾಯಿತಂದೆಯರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವ ಅವಸರ ಸಲ್ಲದು.

ಹೆಸರಿನ ಚರಿತ್ರೆ ಸ್ವಾರಸ್ಯಕರವಾದುದು. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್, ಮನೋವಿಶ್ಲೇಷಣೆಯ ಸಾಮಾನ್ಯ ಕ್ರಮಕ್ಕೆ ಬಗ್ಗದ ಒಂದು ರೋಗಿಸಮೂಹವನ್ನು 'ಅಂಚಿನವರು' ಎಂದು ಕರೆದನು. ಅಂದಿನ ವೈದ್ಯರ ದೃಷ್ಟಿಯಲ್ಲಿ ಇವರು ನರದೌರ್ಬಲ್ಯ ಮತ್ತು ಚಿತ್ತಭ್ರಮೆಗಳೆಂಬ ಎರಡು ರಾಜ್ಯಗಳ ಗಡಿಯಲ್ಲಿ ನಿಂತವರು. 1967ರಲ್ಲಿ ಆಟೊ ಕರ್ನ್‌ಬರ್ಗ್ ಇದನ್ನು ಗಡಿಯೆನ್ನದೆ ವ್ಯಕ್ತಿತ್ವದ ಒಂದು ರಚನೆಯೆಂದು ವಿವರಿಸಿದನು. 1975ರಲ್ಲಿ ಜಾನ್ ಗಂಡರ್ಸನ್ ಮತ್ತು ಮಾರ್ಗರೆಟ್ ಸಿಂಗರ್ ಲಕ್ಷಣಗಳನ್ನು ಸ್ಪಷ್ಟಗೊಳಿಸಿದರು. 1980ರ ಅಮೆರಿಕದ ಕೈಪಿಡಿಯಲ್ಲಿ ಇದು ಸ್ವತಂತ್ರ ರೋಗವಾಗಿ ಸ್ಥಾನ ಪಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತನೆಯ ವರ್ಗೀಕರಣವು ಇದನ್ನು ಭಾವ ಅಸ್ಥಿರತೆಯ ಒಂದು ಬಗೆಯೆಂದಿತು. 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ವರ್ಗೀಕರಣವು ವ್ಯಕ್ತಿತ್ವದ ಸಮಸ್ಯೆಗಳನ್ನೆಲ್ಲ ಒಂದಾಗಿಸಿ, ತೀವ್ರತೆಯನ್ನು ಅಳೆದು, 'ಅಂಚಿನ ಮಾದರಿ' ಎಂಬುದನ್ನು ಒಂದು ವಿಶೇಷಣವಾಗಿ ಮಾತ್ರ ಉಳಿಸಿಕೊಂಡಿದೆ. ಗಡಿ ಅಳಿಸಿಹೋಗಿದೆ, ಗಡಿಯ ಹೆಸರು ಉಳಿದಿದೆ. ಸ್ಥಳನಾಮಗಳನ್ನು ಅಭ್ಯಸಿಸಿದವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? 'ವ್ಯಕ್ತಿತ್ವ ದೋಷ' ಎಂಬ ಪದ ನಮ್ಮ ಮನೋವೈದ್ಯ ಬರೆಹಗಳಲ್ಲಿ ಬಳಕೆಯಲ್ಲಿದೆ. ಆಯುರ್ವೇದದಲ್ಲಿ ದೋಷವೆಂದರೆ ವಾತ ಪಿತ್ತ ಕಫಗಳು; ಅವು ದೇಹಧಾರಣೆಗೆ ಬೇಕಾದವೇ, ಕುಪಿತವಾದಾಗ ಮಾತ್ರ ರೋಗಕಾರಕ. ಆದರೆ ಮನೆಮಾತಿನ ಕನ್ನಡದಲ್ಲಿ ದೋಷವೆಂದರೆ ತಪ್ಪು, ಕುಂದು, ಜಾತಕದ ಕೇಡು. ವೈದ್ಯನು ರೋಗವನ್ನು ಹೆಸರಿಸಿದಾಗ ರೋಗಿಯ ಕಿವಿಗೆ ಬೀಳುವುದು ಶೀಲದ ಮೇಲಿನ ತೀರ್ಪು. ಮರಾಠಿಯಲ್ಲಿ 'ವಿಕಾರ' ಎನ್ನುತ್ತಾರೆ. ಆ ಭಾಷೆಯಲ್ಲಿ ಹೃದಯವಿಕಾರವೆಂದರೆ ಹೃದ್ರೋಗ, ಅಷ್ಟೆ. ಅದೊಂದು ನಿರ್ಲಿಪ್ತವಾದ ಶಬ್ದ. ಕನ್ನಡಿಗರಿಗೆ ವಿಕಾರವೆಂದರೆ ಕುರೂಪ, ಅಸಹ್ಯ. ಠಾಣೆಯ ಆಸ್ಪತ್ರೆಯಲ್ಲಿ ಮರಾಠಿ ವೈದ್ಯರು ಸಹಜವಾಗಿ ನುಡಿದ ಶಬ್ದವೊಂದು ಕನ್ನಡ ತಾಯಿಯ ಮನಸ್ಸಿನಲ್ಲಿ ಎಬ್ಬಿಸಬಹುದಾದ ಚಿತ್ರವನ್ನು ಹೊರನಾಡಿನಲ್ಲಿರುವ ಓದುಗರು ಸುಲಭವಾಗಿ ಊಹಿಸಬಲ್ಲರು. ನಾವು ಈ ಲೇಖನದಲ್ಲಿ 'ಅಸ್ವಾಸ್ಥ್ಯ' ಎಂಬ ಪದವನ್ನು ಉದ್ದೇಶಪೂರ್ವಕವಾಗಿ ಆಯ್ದುಕೊಂಡಿದ್ದೇವೆ. ಸ್ವಸ್ಥನೆಂದರೆ ತನ್ನಲ್ಲಿ ತಾನು ನೆಲೆಗೊಂಡವನು. ಆ ನೆಲೆ ತಪ್ಪಿದ ಸ್ಥಿತಿಗೆ ಅಸ್ವಾಸ್ಥ್ಯವೆನ್ನುವುದರಲ್ಲಿ ನಿಂದೆಯಿಲ್ಲ; ಈ ರೋಗಿಗಳು ಹೇಳಿಕೊಳ್ಳುವ ಅನುಭವಕ್ಕೂ ಅದು ಹತ್ತಿರವಾಗಿದೆ.

ನಮ್ಮ ವ್ಯಾಸಂಗದ ಕ್ಷೇತ್ರ ಮಧ್ಯಕಾಲೀನ ಸಾಹಿತ್ಯವಾದುದರಿಂದ, ಹಳೆಯ ಕನ್ನಡ ವೈದ್ಯಗ್ರಂಥಗಳಲ್ಲಿ ಇದರ ಸುಳಿವಿದೆಯೇ ಎಂದು ಕೇಳುವವರುಂಟು. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಮೊದಲಾದವು ನಮ್ಮ ವೈದ್ಯಸಾಹಿತ್ಯದ ಹೆಮ್ಮೆಯ ಕೃತಿಗಳು. ಅವುಗಳಲ್ಲಿ ಇಪ್ಪತ್ತನೆಯ ಶತಮಾನದ ರೋಗವನ್ನು ಹುಡುಕಿ ತೆಗೆಯುವುದು ವಿದ್ವತ್ತಲ್ಲ, ವಿನೋದ. ಇದೇ ರೀತಿ ಜನ್ನನ ಯಶೋಧರ ಚರಿತೆಯ ಅಮೃತಮತಿಗೆ ಆಧುನಿಕ ರೋಗದ ಚೀಟಿ ಅಂಟಿಸುವ ಪ್ರವೃತ್ತಿಯೂ ನಮಗೆ ಒಪ್ಪಿಗೆಯಿಲ್ಲ. ಕಾವ್ಯದ ಪಾತ್ರವು ಹೊರರೋಗಿ ವಿಭಾಗದಲ್ಲಿ ಸರತಿಯಲ್ಲಿ ನಿಂತಿರುವುದಿಲ್ಲ. ಆದರೆ ಪರಂಪರೆಯಿಂದ ಒಂದು ವಿಚಾರ ಮಾತ್ರ ಇಲ್ಲಿ ಗಣನೀಯ. ಚರಕಸಂಹಿತೆ ಔಷಧವನ್ನು ಮೂರು ಬಗೆಯೆಂದು ಹೇಳುತ್ತದೆ: ಮಂತ್ರ, ಮಣಿ, ಬಲಿ, ಹೋಮಾದಿಗಳ ದೈವವ್ಯಪಾಶ್ರಯ, ಆಹಾರ ಮತ್ತು ಮದ್ದುಗಳ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಅಹಿತ ವಿಷಯಗಳಿಂದ ಹಿಂದೆಗೆಯುವ ಸತ್ವಾವಜಯ. ಮೂರನೆಯದಕ್ಕೆ ಗಿಡಮೂಲಿಕೆ ಬೇಕಿಲ್ಲ. ಈ ತ್ರಿವಿಧ ವಿಭಾಗವನ್ನು ಒಂದು ಅಳತೆಗೋಲಾಗಿ ಹಿಡಿದರೆ ಮುಂದಿನ ಚರಿತ್ರೆಯನ್ನು ಗ್ರಹಿಸಲು ಅನುಕೂಲವಾಗುತ್ತದೆ. ಅದಕ್ಕಿಂತ ಹೆಚ್ಚಿನ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ.

ಆಧುನಿಕ ಆಶ್ರಯಸ್ಥಾನಗಳ ಚರಿತ್ರೆಯಲ್ಲಿ ಠಾಣೆಗೂ ಕನ್ನಡನಾಡಿಗೂ ನೇರವಾದ ನಂಟಿದೆ. ಧಾರವಾಡದ ಹುಚ್ಚಾಸ್ಪತ್ರೆ 1845ರಲ್ಲಿ ಆರಂಭವಾದುದು. ಬೆಂಗಳೂರಿನದು 1848ರ ಸುಮಾರಿನದು. ಆದರೆ ಅದು ಮೈಸೂರು ಸಂಸ್ಥಾನದ ಚರಿತ್ರೆಗೆ ಸೇರಿದ್ದು. ಧಾರವಾಡ ಮಾತ್ರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಲಾಬಾ, ರತ್ನಾಗಿರಿ, ಪುಣೆ, ಅಹಮದಾಬಾದು, ಸಿಂಧದ ಹೈದರಾಬಾದು, ಧಾರವಾಡ, ಅನಂತರ ಠಾಣೆಯ ನೌಪಾಡಾ, ಇವೆಲ್ಲ ಒಂದೇ ಸರ್ಕಾರದ ಕೈಕೆಳಗಿದ್ದ ಸೋದರಸಂಸ್ಥೆಗಳು. ಇವುಗಳ ವಾರ್ಷಿಕ ವರದಿಗಳು ಒಳಗಿದ್ದವರನ್ನು ಲಿಂಗ, ವಯಸ್ಸು, ಮತ, ವೃತ್ತಿ, ರೋಗದ ಕಾರಣ ಎಂಬ ಕೋಷ್ಟಕಗಳಲ್ಲಿ ವಿಂಗಡಿಸುತ್ತಿದ್ದವು. ರೋಗಗಳೆಂದರೆ ಉನ್ಮಾದ, ವಿಷಾದ, ಬುದ್ಧಿಮಾಂದ್ಯ, ಬುದ್ಧಿಕ್ಷಯ ಇಷ್ಟೇ. ಮಾತೃಭಾಷೆ ಈ ಕೋಷ್ಟಕಗಳ ಆಧಾರವಾಗಿರಲಿಲ್ಲ. ಮಾತು ಚಿಕಿತ್ಸೆಯ ಭಾಗವೆಂದು ಯಾರೂ ಭಾವಿಸದಿದ್ದ ಕಾಲದಲ್ಲಿ ಆ ಕಾಲಂ ಬೇಕಾಗಿಯೂ ಇರಲಿಲ್ಲ.

ಇಲ್ಲಿ ಸಂಶೋಧಕರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ವಿಷಯವಾದ ಅಸ್ವಾಸ್ಥ್ಯವನ್ನು ಈ ಆಶ್ರಯಸ್ಥಾನಗಳ ದಾಖಲೆಗಳಲ್ಲಿ ಹುಡುಕಿದರೆ ಹೆಚ್ಚೇನೂ ಕೈಗೆ ಸಿಕ್ಕದು. 1858ರ ಕಾನೂನಿನ ಅಡಿಯಲ್ಲಿ ಮ್ಯಾಜಿಸ್ಟ್ರೇಟನ ಆದೇಶದಿಂದ ಒಳಸೇರುತ್ತಿದ್ದವರು ಬೀದಿಯಲ್ಲಿ ಅಲೆಯುವವರು, ಅಪಾಯಕಾರಿಗಳೆನಿಸಿದವರು. ಇಂದು ಗೆಳೆಯರೊಡನೆ ನಗುನಗುತ್ತಿದ್ದು ಮಾರನೆಯ ದಿನ ಪ್ರಾಣ ಕಳೆದುಕೊಳ್ಳಲು ಹವಣಿಸುವ ವ್ಯಕ್ತಿ ಅವರ ಲೆಕ್ಕದಲ್ಲಿ ಹುಚ್ಚನಲ್ಲ, ಅಪರಾಧಿ. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಯತ್ನಕ್ಕೆ ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತ್ತು. ಆದುದರಿಂದ ಈ ಅಸ್ವಾಸ್ಥ್ಯದ ಪೂರ್ವಚರಿತ್ರೆಯನ್ನು ಆಸ್ಪತ್ರೆಯ ಕೋಷ್ಟಕಗಳಿಗಿಂತ ಪೊಲೀಸು ಠಾಣೆ ಮತ್ತು ಕೆಳ ನ್ಯಾಯಾಲಯಗಳ ಕಡತಗಳಲ್ಲಿ ಅರಸುವುದು ಯುಕ್ತ. ಆ ಕಲಮನ್ನು 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಸಾಂವಿಧಾನಿಕವೆಂದಿತು. 1996ರಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠವು ಅದನ್ನು ಮತ್ತೆ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯಪಾಲನಾ ಕಾಯಿದೆಯ 115ನೆಯ ಕಲಮು, ಹೀಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷೆಯಿಂದ ರಕ್ಷಣೆ ಕೊಟ್ಟು, ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಕಲಮಿನ ಸಾಮಾನ್ಯ ಅಪರಾಧ ಉಳಿದಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಆದರೂ ಭಯ ಸುಲಭವಾಗಿ ಹೋಗುವುದಿಲ್ಲ. ನೂರೈವತ್ತು ವರ್ಷಗಳ ಪೊಲೀಸಿನ ಭಯದಿಂದ ವಿಷಯವನ್ನು ಮುಚ್ಚಿಡಲು ಕಲಿತ ಕುಟುಂಬಗಳಿಗೆ ಕಾನೂನು ಬದಲಾದ ಸುದ್ದಿ ಇನ್ನೂ ಪೂರ್ತಿ ತಲಪಬೇಕಾಗಿದೆ.

1956ರ ರಾಜ್ಯ ಪುನರ್ವಿಂಗಡಣೆಯಿಂದ ಧಾರವಾಡ ಮೈಸೂರು ರಾಜ್ಯಕ್ಕೆ ಬಂದಿತು. ಠಾಣೆ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಕನ್ನಡಿಗರ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ನ್ಯಾಯವಾದುದು. ಆದರೆ ಪ್ರತಿಯೊಂದು ಏಕೀಕರಣಕ್ಕೂ ಹೊರಗುಳಿದವರ ಒಂದು ಚರಿತ್ರೆಯಿರುತ್ತದೆ. ಅಂದಿನವರೆಗೆ ಬಹುಭಾಷಾ ಪ್ರಾಂತವೊಂದರ ಆಸ್ಪತ್ರೆಯಾಗಿದ್ದ ಠಾಣೆಯ ಸಂಸ್ಥೆ ಅಂದಿನಿಂದ ಒಂದು ಭಾಷಾರಾಜ್ಯದ ಆಸ್ಪತ್ರೆಯಾಯಿತು. 1850 ಹಾಸಿಗೆಗಳ ಆ ವಿಶಾಲ ಸಂಸ್ಥೆಯ ಕಾರ್ಯಭಾಷೆ ಮರಾಠಿ. ಅದು ಸಹಜವೂ ಹೌದು.

ಇತ್ತ ಬೆಂಗಳೂರಿನಲ್ಲಿ ಬೇರೊಂದು ಬೆಳವಣಿಗೆ ನಡೆಯಿತು. ಅಲ್ಲಿನ ಆಶ್ರಯಸ್ಥಾನ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ತಳೆಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, 1955ರಿಂದ ಮನೋವೈದ್ಯರಿಗೂ ಮನೋವಿಜ್ಞಾನಿಗಳಿಗೂ ತರಬೇತಿ ನೀಡತೊಡಗಿತು. 1974ರ ಡಿಸೆಂಬರಿನಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆಯಿತು. ಔಷಧವನ್ನು ಮಾತ್ರ ನೆಚ್ಚದೆ ಮನೋವಿಜ್ಞಾನಿಯನ್ನೂ ಚಿಕಿತ್ಸಕನೆಂದು ಅಂಗೀಕರಿಸಿದ ಈ ತರಬೇತಿಯೇ ನಮ್ಮ ವಿಷಯದ ಮಟ್ಟಿಗೆ ಮುಖ್ಯವಾದ ಘಟನೆ. ಕನ್ನಡ ಓದುಗರ ಮಟ್ಟದಲ್ಲಿ ಇದಕ್ಕೆ ಸಮಾನಾಂತರವಾಗಿ ನಡೆದ ಕೆಲಸವನ್ನು ಮರೆಯಲಾಗದು. ಕೊರವಂಜಿಯ ಮೂಲಕ ನಾಡನ್ನು ನಗಿಸಿದ ರಾ. ಶಿ., ಅಂದರೆ ಡಾ. ಎಂ. ಶಿವರಾಂ ಅವರು, ಮನಮಂಥನ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಮನೋರೋಗಗಳನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯದ ಗೌರವ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ಅನಂತರ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಹಳ್ಳಿಯ ಓದುಗನಿಗೂ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಮನಸ್ಸಿನ ನೋವನ್ನು ಆಡಿ ತೋರಲು ಕನ್ನಡಕ್ಕೆ ಶಬ್ದವಿಲ್ಲವೆಂಬ ನೆಪ ಇವರಿಂದಾಗಿ ಇಲ್ಲವಾಯಿತು.

ಇದೇ 1976ರಲ್ಲಿ ಪ್ರಕಟವಾದ ಇನ್ನೊಂದು ಗ್ರಂಥ, ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರ 'ಕೋಟದ ಮಹಾವಿಶ್ವ' ಎಂಬರ್ಥದ ಶೀರ್ಷಿಕೆಯ ಇಂಗ್ಲಿಷ್ ಅಧ್ಯಯನ. ಆಗ ದಕ್ಷಿಣ ಕನ್ನಡದಲ್ಲಿದ್ದು ಈಗ ಉಡುಪಿ ಜಿಲ್ಲೆಗೆ ಸೇರಿರುವ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮನೆಮನೆಗೆ ಹೋಗಿ ಮನೋವ್ಯಥೆಯನ್ನು ಅಳೆದ ಅಧ್ಯಯನವಿದು. ಠಾಣೆಯ ಕನ್ನಡಿಗರನ್ನು ಕುರಿತು ಬರೆಯುವವರಿಗೆ ಇದರ ಮಹತ್ವ ಎರಡು ಪಟ್ಟು. ಏಕೆಂದರೆ ಮುಂಬಯಿಗೆ ಜನರನ್ನು ಕಳುಹಿಸಿದ ಕರಾವಳಿ ಇದೇ. ಜನರು ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ಉಪಚಾರಕರಲ್ಲಿಗೆ ಹೋಗುತ್ತಿದ್ದರೆಂದೂ, ಆಧುನಿಕ ವೈದ್ಯರ ಬಳಿಗೂ ಏಕಕಾಲದಲ್ಲಿ ಹೋಗುತ್ತಿದ್ದರೆಂದೂ ಕಪೂರ್ ತೋರಿಸಿದರು. ಹೊರನಾಡಿಗೆ ಬಂದ ಮೇಲೂ ಈ ರೂಢಿ ಕಡಿದಿಲ್ಲ. ಮಗಳ ಕೋಪತಾಪಗಳು ಮಿತಿಮೀರಿದಾಗ ಊರಿಗೆ ಹೋಗಿ ದೈವದ ದರ್ಶನದಲ್ಲಿ ಕೇಳಿಸಿಕೊಂಡು ಬರುವ ಕುಟುಂಬಗಳು ಠಾಣೆ, ಡೊಂಬಿವಲಿಗಳಲ್ಲಿ ಇಂದಿಗೂ ಇವೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನಮಗೆ ಸರಿಕಾಣದು. ಪಾತ್ರಿಯ ಮುಂದೆ ಕುಟುಂಬವೆಲ್ಲ ಸೇರುತ್ತದೆ. ಹೇಳಬಾರದ್ದನ್ನು ತಮ್ಮ ಭಾಷೆಯಲ್ಲಿ ಹೇಳಲು ಅಲ್ಲಿ ಅವಕಾಶವಿದೆ. ತಪ್ಪು ಒಬ್ಬಳ ತಲೆಯ ಮೇಲೆಯೇ ಬೀಳುವುದಿಲ್ಲ. ಆದರೆ ಈ ಅಸ್ವಾಸ್ಥ್ಯಕ್ಕೆ ಅದು ಸಾಕಾಗುವ ಉಪಚಾರವೆಂದೂ ನಾವು ಹೇಳಲಾರೆವು. ದರ್ಶನ ಒಂದು ರಾತ್ರಿಯದು. ಈ ವ್ಯಥೆ ವರ್ಷಗಳದು. ಜೀವಕ್ಕೆ ಅಪಾಯವಿರುವಾಗ ಊರಿನ ರೈಲಿಗಾಗಿ ಕಾಯುವುದು ಸರ್ವಥಾ ಸಲ್ಲದು.

ಇಂತಹ ಅಸ್ವಾಸ್ಥ್ಯ ಪಾಶ್ಚಾತ್ಯ ಸಮಾಜದ ಸೃಷ್ಟಿ, ಕೂಡುಕುಟುಂಬದ ಭಾರತದಲ್ಲಿ ಇಲ್ಲ ಎಂಬ ಮಾತು ಬಹುಕಾಲ ಕೇಳಿಬರುತ್ತಿತ್ತು. ಇದಕ್ಕೆ ಉತ್ತರವಾಗಿ ಮುಂಬಯಿಯ ವೈದ್ಯರ ತಂಡವೊಂದು ಆತ್ಮಹತ್ಯೆಗೆ ಯತ್ನಿಸಿದವರನ್ನು ಪರೀಕ್ಷಿಸಿ, 2000ದಲ್ಲಿ ಪ್ರಕಟಿಸಿದ ಲೇಖನಕ್ಕೆ 'ಭಾರತದಲ್ಲಿ ಇದು ಇದೆ' ಎಂಬರ್ಥದ ನೇರವಾದ ಶೀರ್ಷಿಕೆಯನ್ನೇ ಕೊಟ್ಟಿತು. ವಾದ ಅಲ್ಲಿಗೆ ಮುಗಿಯಬೇಕಾಗಿತ್ತು.

ಇನ್ನು ಚಿಕಿತ್ಸೆಯ ವಿಚಾರ. ಯುಕ್ತಿವ್ಯಪಾಶ್ರಯವನ್ನು, ಅಂದರೆ ಮದ್ದನ್ನು, ಮೊದಲು ನೋಡೋಣ. ಈ ಅಸ್ವಾಸ್ಥ್ಯಕ್ಕೆಂದೇ ಅಮೆರಿಕದ ಔಷಧ ಪ್ರಾಧಿಕಾರ ಅಂಗೀಕರಿಸಿದ ಗುಳಿಗೆ ಒಂದೂ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ, ಇದರ ಮೂಲ ಲಕ್ಷಣಗಳಿಗಾಗಿ ಔಷಧ ಕೊಡಬಾರದೆಂದೇ ಹೇಳಿತು. ಜೊತೆಗೆ ಖಿನ್ನತೆಯಂತಹ ಬೇರೆ ರೋಗವಿದ್ದರೆ ಅದಕ್ಕೆ ಕೊಡುವುದು ಬೇರೆ ಮಾತು. ಭಾವದ ಏರಿಳಿತವನ್ನು ತಗ್ಗಿಸುವುದೆಂದು ಬಹಳ ಬಳಕೆಯಲ್ಲಿದ್ದ ಲ್ಯಾಮೊಟ್ರಿಜಿನ್ ಔಷಧವನ್ನು 276 ಜನರ ಮೇಲೆ ಒಂದು ವರ್ಷ ಪರೀಕ್ಷಿಸಿದ ಬ್ರಿಟನ್ನಿನ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದು ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಹೀಗಿದ್ದರೂ ಪ್ರಪಂಚದೆಲ್ಲೆಡೆ ಈ ರೋಗಿಗಳ ಕೈಯಲ್ಲಿ ಮೂರು ನಾಲ್ಕು ಬಗೆಯ ಗುಳಿಗೆಗಳಿರುವುದು ಸಾಮಾನ್ಯ. ಕಾರಣ ಸ್ಪಷ್ಟ: ಚೀಟಿ ಬರೆಯಲು ಐದು ನಿಮಿಷ ಸಾಕು. ಆದರೆ ಓದುಗರಲ್ಲಿ ಯಾರಾದರೂ ಈಗಾಗಲೇ ಔಷಧ ಸೇವಿಸುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯಕರ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಫಲ ಕಂಡದ್ದು ಮಾತಿನ ಚಿಕಿತ್ಸೆಯಲ್ಲಿ. ಸಿಯಾಟಲ್ ನಗರದ ಮನೋವಿಜ್ಞಾನಿ ಮಾರ್ಷಾ ಲಿನೆಹ್ಯಾನ್ 1991ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರಿತ್ರೆಯ ತಿರುವು. ಅವರ ಪದ್ಧತಿಗೆ ಡಯಲೆಕ್ಟಿಕಲ್ ವರ್ತನ ಚಿಕಿತ್ಸೆಯೆಂದು ಹೆಸರು. ನಾವು ದ್ವಂದ್ವಸಮನ್ವಯ ಚಿಕಿತ್ಸೆಯೆನ್ನಬಹುದು. ನೀನು ಇದ್ದಂತೆಯೇ ನಿನ್ನನ್ನು ಒಪ್ಪುತ್ತೇನೆ, ನೀನು ಬದಲಾಗಲೂಬೇಕು ಎಂಬ ಎರಡು ವಿರುದ್ಧ ಮಾತುಗಳನ್ನು ಒಟ್ಟಿಗೆ ಹಿಡಿಯುವುದೇ ಇದರ ತಿರುಳು. ವಾರಕ್ಕೊಮ್ಮೆ ಒಬ್ಬರೊಡನೆ ಒಬ್ಬರ ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಅಭ್ಯಾಸ, ನಡುವೆ ಸಂಕಟ ಬಂದಾಗ ದೂರವಾಣಿಯಲ್ಲಿ ನೆರವು, ಚಿಕಿತ್ಸಕರಿಗೇ ಒಂದು ಸಮಾಲೋಚನಾ ಮಂಡಲಿ; ಹೀಗೆ ಸುಮಾರು ಒಂದು ವರ್ಷ. ಗುಂಪಿನಲ್ಲಿ ಕಲಿಸುವುದು ಈ ಕ್ಷಣವನ್ನು ಎಚ್ಚರದಿಂದ ಗಮನಿಸುವುದನ್ನು, ಸಂಕಟವನ್ನು ಕೆಡಿಸಿಕೊಳ್ಳದೆ ಸಹಿಸುವುದನ್ನು, ಭಾವವನ್ನು ಹೆಸರಿಟ್ಟು ಹದಕ್ಕೆ ತರುವುದನ್ನು, ಸಂಬಂಧ ಮುರಿಯದೆ ಬೇಕಾದುದನ್ನು ಕೇಳುವುದನ್ನು. ಲಿನೆಹ್ಯಾನರು ಯೌವನದಲ್ಲಿ ತಾವೇ ಇಂತಹ ಸಂಕಟದಿಂದ ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿದರು. ಪದ್ಧತಿಯ ಹಿಂದಿನ ತಾಳ್ಮೆ ಎಲ್ಲಿಂದ ಬಂದಿತೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಲಂಡನ್ನಿನ ಬೇಟ್‌ಮನ್ ಮತ್ತು ಫೊನಗಿ ಎಂಬವರದು ಬೇರೊಂದು ದಾರಿ. ತನ್ನ ಮನಸ್ಸಿನಲ್ಲೂ ಎದುರಿನವರ ಮನಸ್ಸಿನಲ್ಲೂ ಏನಿರಬಹುದೆಂದು ಊಹಿಸುವ ಶಕ್ತಿ ಭಾವಾವೇಗದಲ್ಲಿ ಕುಸಿಯುತ್ತದೆ. ಅದನ್ನು ಮತ್ತೆ ಎಬ್ಬಿಸಬೇಕು ಎಂಬುದು ಅವರ ತತ್ತ್ವ. ಅವರ 1999ರ ಪ್ರಯೋಗದ ರೋಗಿಗಳನ್ನು ಎಂಟು ವರ್ಷಗಳ ಅನಂತರ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ ಶೇಕಡ 13ರಷ್ಟು ಜನರಲ್ಲಿ ಮಾತ್ರ ರೋಗಲಕ್ಷಣಗಳು ಪೂರ್ಣವಾಗಿ ಉಳಿದಿದ್ದವು. ಸಾಮಾನ್ಯ ಉಪಚಾರ ಪಡೆದವರಲ್ಲಿ ಶೇಕಡ 87. ರೋಗಿಗಳ ಸಂಖ್ಯೆ ಚಿಕ್ಕದು, 41. ಆದರೂ ಅಂತರ ದೊಡ್ಡದು. ಸ್ಕೀಮಾ ಚಿಕಿತ್ಸೆ, ಕರ್ನ್‌ಬರ್ಗನ ಪರಂಪರೆಯ ಸಂಕ್ರಮಣಕೇಂದ್ರಿತ ಚಿಕಿತ್ಸೆ ಮೊದಲಾದವೂ ಇವೆ. ಅವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಪರಿಸ್ಥಿತಿಗೆ ಅತ್ಯಂತ ಉಪಯುಕ್ತವೆಂದು ನಮಗೆ ತೋರುವುದು ಟೊರಾಂಟೊದಲ್ಲಿ 180 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ. ಲಿನೆಹ್ಯಾನರ ಪದ್ಧತಿಯನ್ನೂ, ಗಂಡರ್ಸನ್ ಮೊದಲಾದವರ ವಿಚಾರಗಳನ್ನು ಆಧರಿಸಿದ ಕ್ರಮಬದ್ಧವಾದ ಸಾಮಾನ್ಯ ಮನೋವೈದ್ಯ ಉಪಚಾರವನ್ನೂ ಹೋಲಿಸಿದಾಗ ಎರಡರಲ್ಲೂ ರೋಗಿಗಳು ಹೆಚ್ಚುಕಡಮೆ ಸಮಾನವಾಗಿ ಸುಧಾರಿಸಿದರು. ರೋಗದ ಹೆಸರನ್ನು ಮುಚ್ಚಿಡದೆ ತಿಳಿಹೇಳುವುದು, ವಾರವಾರ ತಪ್ಪದೆ ಭೇಟಿಯಾಗುವುದು, ಸಂಕಟದ ವೇಳೆಗೆ ಮೊದಲೇ ಯೋಜನೆ ಬರೆದಿಡುವುದು, ಉದ್ಯೋಗ ಮತ್ತು ವಿದ್ಯಾಭ್ಯಾಸವನ್ನು ಬಿಡದಂತೆ ನೋಡುವುದು, ಕುಟುಂಬವನ್ನು ಒಳಗೊಳ್ಳುವುದು: ಇವಿಷ್ಟನ್ನು ವಿಶೇಷ ಪದವಿಯಿಲ್ಲದ ಜಿಲ್ಲಾ ಮನೋವೈದ್ಯರೂ ಕಲಿಯಬಲ್ಲರು.

ಮುನ್ಸೂಚನೆಯೂ ಹಿಂದೆ ನಂಬಿದ್ದಷ್ಟು ಕೆಟ್ಟದ್ದಲ್ಲ. ಬಾಸ್ಟನ್ ಸಮೀಪದ ಮೆಕ್ಲೀನ್ ಆಸ್ಪತ್ರೆಯ 290 ರೋಗಿಗಳನ್ನು ಮೇರಿ ಜನರಿನಿ ಮತ್ತು ಸಹೋದ್ಯೋಗಿಗಳು ಹತ್ತು ವರ್ಷ ಅನುಸರಿಸಿ 2010ರಲ್ಲಿ ವರದಿ ಮಾಡಿದಂತೆ, ಶೇಕಡ 93ರಷ್ಟು ಜನ ಕನಿಷ್ಠ ಎರಡು ವರ್ಷಗಳ ಕಾಲ ರೋಗಲಕ್ಷಣಗಳಿಂದ ಹೊರಬಂದಿದ್ದರು. ಆದರೆ ಉದ್ಯೋಗ ಮತ್ತು ಸ್ನೇಹಸಂಬಂಧಗಳಲ್ಲಿಯೂ ನೆಲೆಕಂಡವರು ಅರ್ಧದಷ್ಟು ಮಾತ್ರ. ರೋಗ ಬಿಟ್ಟುಹೋಗುತ್ತದೆ, ಬದುಕು ಕಟ್ಟುವುದು ಉಳಿಯುತ್ತದೆ ಎಂದು ಇದರ ಅರ್ಥ.

ಇದನ್ನೆಲ್ಲ ಮಾಜಿವಾಡಾದ ಒಂದು ಕನ್ನಡ ಕುಟುಂಬದ ಮುಂದಿಟ್ಟು ನೋಡಿದರೆ ಪರಿಸ್ಥಿತಿ ಹೀಗಿದೆ. ತುರ್ತು ಸಂದರ್ಭಕ್ಕೆ ಪ್ರಾದೇಶಿಕ ಮನೋರುಗ್ಣಾಲಯವೂ ಕಳವಾದಲ್ಲಿರುವ ಮಹಾನಗರಪಾಲಿಕೆಯ ಆಸ್ಪತ್ರೆಯೂ ಸಮೀಪದಲ್ಲಿವೆ. ಮಾತಿನ ಚಿಕಿತ್ಸೆಗೆ ಸ್ವಯಂಸೇವಾ ಸಂಸ್ಥೆಗಳೂ ಖಾಸಗಿ ಮನೋವಿಜ್ಞಾನಿಗಳೂ ಇದ್ದಾರೆ. ಅಂತಹವರನ್ನು ಆರಿಸುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಿದೆಯೇ ಎಂದು ನೋಡುವುದು ಒಳ್ಳೆಯದು. ಒಂದು ವರ್ಷ ವಾರವಾರ ಬೀಳುವ ಖರ್ಚು ಮಧ್ಯಮವರ್ಗಕ್ಕೂ ಹೊರೆಯೇ. 2017ರ ಕಾಯಿದೆಯ 21ನೆಯ ಕಲಮು ವಿಮಾ ಸಂಸ್ಥೆಗಳು ಮನೋರೋಗವನ್ನು ದೇಹರೋಗಕ್ಕೆ ಸಮನಾಗಿ ಕಾಣಬೇಕೆಂದು ವಿಧಿಸಿದೆ. ಆದರೆ ವಿಮೆಯ ಸಾಮಾನ್ಯ ರೂಢಿ ಆಸ್ಪತ್ರೆಯ ಹಾಸಿಗೆಗೆ ಹಣ ಕೊಡುವುದು, ಕುರ್ಚಿಯಲ್ಲಿ ಕುಳಿತು ಆಡುವ ಮಾತಿಗಲ್ಲ. ಹೀಗಾಗಿ ಫಲಕಾರಿಯಾದುದಕ್ಕೇ ನೆರವು ಕಡಮೆ.

ಉಳಿದದ್ದು ಭಾಷೆಯ ಪ್ರಶ್ನೆ. ಇಲ್ಲಿ ಅಭಿಮಾನದ ಮಾತಿಗಿಂತ ವಾಸ್ತವವನ್ನು ನೋಡಬೇಕು. ಠಾಣೆಯಲ್ಲಿ ಹುಟ್ಟಿ ಬೆಳೆದ ಇಪ್ಪತ್ತು ವರ್ಷದ ತರುಣಿ ಗೆಳತಿಯರೊಡನೆ ಮರಾಠಿ ಮತ್ತು ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡುತ್ತಾಳೆ. ತನ್ನ ಚಿಕಿತ್ಸೆಗೆ ಅವಳಿಗೆ ಕನ್ನಡವೇ ಬೇಕೆಂದೇನಿಲ್ಲ. ಎಷ್ಟೋ ವೇಳೆ ಮನೆಯವರಿಗೆ ತಿಳಿಯದ ಭಾಷೆಯಲ್ಲಿ ಮನೆಯವರ ಬಗೆಗೆ ಮಾತಾಡುವುದೇ ಅವಳಿಗೆ ಹಗುರ. ಆದರೆ ಅವಳ ತಾಯಿ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಬಯ್ಯುತ್ತಾಳೆ, ಅದರಲ್ಲಿಯೇ ಅಳುತ್ತಾಳೆ. ಮಗಳು ಅತ್ತಾಗ 'ಇಷ್ಟಕ್ಕೆಲ್ಲ ಯಾರಾದರೂ ಅಳುತ್ತಾರೆಯೇ', 'ಜನ ಏನೆಂದಾರು', 'ನಾಟಕ ಸಾಕು' ಎಂಬ ಮಾತುಗಳು ಬಂದದ್ದು ಆ ಭಾಷೆಯಲ್ಲಿ. ಭಾವವನ್ನು ಸುಳ್ಳೆಂದು ತಳ್ಳಿಹಾಕುವ ಪರಿಸರವೇ ಈ ಅಸ್ವಾಸ್ಥ್ಯವನ್ನು ಪೋಷಿಸುತ್ತದೆಂದು ಲಿನೆಹ್ಯಾನ್ ಪ್ರತಿಪಾದಿಸಿದರಷ್ಟೆ. ಆ ಮಾತುಗಳ ಸ್ಥಾನದಲ್ಲಿ ಬೇರೆ ಮಾತುಗಳನ್ನು ತಾಯಿ ಕಲಿಯಬೇಕಾದದ್ದೂ ಆ ಭಾಷೆಯಲ್ಲಿಯೇ. ಮಗಳ ಬಾಯಿಂದ ಅನುವಾದ ಮಾಡಿಸಿಕೊಂಡು ಮಗಳ ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವ ತಾಯಿಯ ಸ್ಥಿತಿಯನ್ನು ಯೋಚಿಸಿ: ತನ್ನನ್ನು ಕುರಿತ ದೂರನ್ನು ದೂರು ಕೊಟ್ಟವಳೇ ಅರ್ಥ ಹೇಳಬೇಕು. ಕನ್ನಡ ಅನಿವಾರ್ಯವಾಗುವುದು ಕುಟುಂಬದ ಭೇಟಿಯಲ್ಲಿ. ಹೊರನಾಡಿನ ಚಿಕಿತ್ಸಾಕ್ರಮದಲ್ಲಿ ಬಿಟ್ಟುಹೋಗುವುದೂ ಅದೇ ಭಾಗ. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ತೋರಿಸಿದ ದಾರಿಯಿದು. ನಮ್ಮ ದೇಶಕ್ಕೆ ಹೊಸತಲ್ಲ.

2017ರ ಕಾಯಿದೆಯ 22ನೆಯ ಕಲಮು, ರೋಗದ ಸ್ವರೂಪವನ್ನೂ ಉದ್ದೇಶಿತ ಚಿಕಿತ್ಸೆಯನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಮತ್ತು ರೂಪದಲ್ಲಿ ತಿಳಿಸಬೇಕೆಂದು ಹಕ್ಕನ್ನು ಕೊಟ್ಟಿದೆ. ನಮ್ಮ ಮಟ್ಟಿಗೆ ಇದು ಆ ಕಾಯಿದೆಯ ಅತ್ಯಂತ ಕಡಮೆ ಓದಿದ ಕಲಮು. ಠಾಣೆ, ಡೊಂಬಿವಲಿಗಳ ಕನ್ನಡ ಸಂಘಗಳಲ್ಲಿ ಸಭಾಂಗಣವಿದೆ, ಭಾನುವಾರದ ಬಿಡುವಿದೆ, ಎರಡೂ ಭಾಷೆ ಬಲ್ಲ ನಿವೃತ್ತ ಶಿಕ್ಷಕಿಯರಿದ್ದಾರೆ. ಗೋಪ್ಯತೆಯ ಶಿಸ್ತನ್ನು ಕಲಿಸಿದರೆ ಕುಟುಂಬದ ಭೇಟಿಗಳಿಗೆ ದುಭಾಷಿಗಳು ಇವರಲ್ಲಿಯೇ ದೊರೆಯುತ್ತಾರೆ. ಮರಾಠಿ ಚಿಕಿತ್ಸಕರು ಇದನ್ನು ಬೇಡವೆನ್ನಲು ಕಾರಣವೂ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ದೂರವಾಣಿ, ಸಂಖ್ಯೆ 14416, ಕರೆ ಮಾಡುವವರಿಗೆ ಭಾಷೆಯನ್ನು ಆಯ್ದುಕೊಳ್ಳುವ ಅವಕಾಶ ಕೊಟ್ಟಿದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಅದರ ಶಿಖರಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಸಂಕಟದ ರಾತ್ರಿಯಲ್ಲಿ ಅದು ನೆರವಾಗುತ್ತದೆ. ವಾರಕ್ಕೊಮ್ಮೆಯಂತೆ ಒಂದು ವರ್ಷ ನಡೆಯಬೇಕಾದ ಕೆಲಸಕ್ಕೆ ಠಾಣೆಯಲ್ಲಿಯೇ ಒಂದು ಕೋಣೆ, ಎರಡು ಭಾಷೆ, ಮೂರು ಕುರ್ಚಿಗಳು ಬೇಕು.